ಶಾಲೆಯ ಅಂಗಳದ ಕೋಲು



ಹೋದ ವಾರ ಹಿರಿಯರೊಬ್ಬರು ನನ್ನನ್ನು ದಾರಿಯಲ್ಲಿ ನಿಲ್ಲಿಸಿ, "ಏನಪ್ಪಾ, ಇಸ್ಕೂಲಿನಲ್ಲಿ ಮಕ್ಕಳು ಕೋಲು ನೆಟ್ಟುಕೊಂಡು ನೆರಳು ಅಳೀತಾವಲ್ಲ, ಅದೂ ಒಂದು ಪಾಠವೇ? ಅದರ ಬದಲು ದನ ಕಾದರೆ ಮನೆಗಾದರೂ ಆಗುತ್ತೆ" ಎಂದರು. ಅವರು ಕೇಳಿದ್ದು ನ್ಯಾಯವಾಗಿಯೇ ಇದೆ. ಅದಕ್ಕೆ ಉತ್ತರವನ್ನು ನಿಮ್ಮೆಲ್ಲರ ಮುಂದೆಯೇ ಹೇಳಬಯಸುತ್ತೇನೆ.

ಆ ಕೋಲು ನೆಲದಿಂದ ಸರಿಯಾಗಿ 100 ಸೆಂಟಿಮೀಟರ್ ಎತ್ತರವಿದೆ. ನಡುಮಧ್ಯಾಹ್ನ ಅದರ ನೆರಳು ಎಷ್ಟುದ್ದ ಬೀಳುತ್ತದೆಂದು ಮಕ್ಕಳು ವಾರಕ್ಕೊಮ್ಮೆ ಬರೆದಿಡುತ್ತಾರೆ. ನಮ್ಮ ಸೀಮೆ ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 13 ಡಿಗ್ರಿಯಲ್ಲಿದೆ. ಇಲ್ಲಿ ಡಿಸೆಂಬರ್ 21ರ ಸುಮಾರಿಗೆ ನೆರಳು 74 ಸೆಂಟಿಮೀಟರ್ ಉದ್ದವಾಗಿ ಉತ್ತರಕ್ಕೆ ಬೀಳುತ್ತದೆ. ಅಲ್ಲಿಂದ ಮುಂದೆ ದಿನೇ ದಿನೇ ಮೊಟಕಾಗುತ್ತಾ ಬಂದು, ಏಪ್ರಿಲ್ 24-25ರಂದು ಹೊತ್ತು ನೆತ್ತಿಗೆ ಬಂದಾಗ ಕೋಲಿಗೆ ನೆರಳೇ ಇರುವುದಿಲ್ಲ. ಆಮೇಲೆ ನೆರಳು ದಕ್ಷಿಣಕ್ಕೆ ತಿರುಗುತ್ತದೆ! ಜೂನ್ 21ರಂದು ದಕ್ಷಿಣಕ್ಕೆ 18 ಸೆಂಟಿಮೀಟರ್ ಇರುತ್ತದೆ. ಆಗಸ್ಟ್ 18ರ ಸುಮಾರಿಗೆ ಮತ್ತೆ ನೆರಳಿಲ್ಲದ ದಿನ ಬರುತ್ತದೆ. ಚಳಿಗಾಲದಲ್ಲಿ ದಕ್ಷಿಣದ ಜಗಲಿಯ ಒಳಗೆಲ್ಲ ಬಿಸಿಲು ಬರುವುದನ್ನು ನೀವು ನೋಡಿಯೇ ಇದ್ದೀರಿ. ಅದನ್ನೇ ಮಕ್ಕಳು ಲೆಕ್ಕಕ್ಕೆ ಇಳಿಸುತ್ತಿದ್ದಾರೆ.

ಹೀಗೇಕೆ ಆಗುತ್ತದೆ? ಬೇಸಿಗೆಯಲ್ಲಿ ಸೂರ್ಯ ನಮ್ಮ ಹತ್ತಿರ ಬರುತ್ತಾನೆಂದು ನಮ್ಮಲ್ಲಿ ಅನೇಕರ ನಂಬಿಕೆ. ಡಿಪ್ಲೊಮಾ ಓದುವವರೆಗೆ ನಾನೂ ಹಾಗೆಯೇ ತಿಳಿದಿದ್ದೆ. ನಿಜದಲ್ಲಿ ಭೂಮಿ ಸೂರ್ಯನಿಗೆ ಅತಿ ಹತ್ತಿರವಿರುವುದು ಜನವರಿ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿಲೋಮೀಟರ್ ದೂರದಲ್ಲಿ. ಜುಲೈ ಮೊದಲಲ್ಲಿ ಆ ದೂರ 15.2 ಕೋಟಿ. ಆದರೆ ಜನವರಿಯಲ್ಲೇ ಅಲ್ಲವೇ ನಾವು ಕಂಬಳಿ ಹೊದ್ದು ಕಣ ಕಾಯುವುದು! ಭೂಮಿಯು ವಾಲಿದ ಬುಗುರಿಯಂತೆ ಸುಮಾರು 23½ ಡಿಗ್ರಿ ಓರೆಯಾಗಿ ನಿಂತು ಸೂರ್ಯನನ್ನು ಸುತ್ತುತ್ತದೆ. ಆದ್ದರಿಂದ ಬಿಸಿಲು ಕೆಲವು ತಿಂಗಳು ನೇರವಾಗಿಯೂ ಕೆಲವು ತಿಂಗಳು ಓರೆಯಾಗಿಯೂ ಬೀಳುತ್ತದೆ. ಬ್ಯಾಟರಿ ದೀಪವನ್ನು ಗೋಡೆಗೆ ಓರೆಯಾಗಿ ಹಿಡಿದು ನೋಡಿ, ಬೆಳಕು ಹರಡಿಕೊಂಡು ಮಂಕಾಗುತ್ತದೆ.

ನೇರ ಬಿಸಿಲಿಗೆ ನೆಲ ಬೇಗ ಕಾಯುತ್ತದೆ, ಸಮುದ್ರ ನಿಧಾನವಾಗಿ ಕಾಯುತ್ತದೆ. ಮಕ್ಕಳು ಒಂದು ತಟ್ಟೆಯಲ್ಲಿ ಮಣ್ಣು, ಇನ್ನೊಂದರಲ್ಲಿ ನೀರು ಇಟ್ಟು ಇದನ್ನೂ ಮುಟ್ಟಿ ನೋಡಿದ್ದಾರೆ. ಮುಂಗಾರು ಗಾಳಿ ಕಡಲಿನಿಂದ ನಾಡಿನ ಕಡೆಗೆ ಬೀಸುವುದಕ್ಕೆ ಈ ವ್ಯತ್ಯಾಸ ಒಂದು ಮುಖ್ಯ ಕಾರಣ.

ಮಕ್ಕಳು ಇಟ್ಟಿರುವ ಇನ್ನೊಂದು ವಸ್ತು ಮಳೆ ಅಳೆಯುವ ಡಬ್ಬ. ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಹೋದ ಮುಂಗಾರಿನಲ್ಲಿ ಮೃಗಶಿರಾ ಮಳೆ ಒಂದು ರಾತ್ರಿ ತಗಡಿನ ಮೇಲೆ ಭಾರಿ ಸದ್ದು ಮಾಡಿತು. ಬೆಳಗ್ಗೆ ರೈತರೊಬ್ಬರು ಕೇಳಿದಾಗ, ಹದವಾಗಿದೆ ಬಿತ್ತಿ ಎಂದುಬಿಟ್ಟೆ. ಅವರು ಒಂದು ಎಕರೆಗೆ ಕಡಲೆಕಾಯಿ ಬಿತ್ತಿದರು. ಮೇಲಿನ ಮಣ್ಣು ಮಾತ್ರ ನೆನೆದಿತ್ತು. ಬಿಸಿಲಿಗೆ ಅದೂ ಆರಿತು, ಅರ್ಧ ಬೀಜ ಮೇಲೇಳಲಿಲ್ಲ. ಆಮೇಲೆ ಶಾಲೆಗೆ ಹೋದಾಗ ಐದನೇ ತರಗತಿಯ ಹುಡುಗಿಯೊಬ್ಬಳು ಪುಸ್ತಕ ತೆರೆದು ತೋರಿಸಿದಳು. ಅಂದು ಬಿದ್ದ ಮಳೆ ಬರೀ 8 ಮಿಲಿಮೀಟರ್! ಎಕರೆಗೆ ಒಂದು ಮಿಲಿಮೀಟರ್ ಮಳೆ ಎಂದರೆ ಸುಮಾರು 4,000 ಲೀಟರ್ ನೀರು. ಹೀಗೆ ಎಂಟಕ್ಕೆ 32,000 ಲೀಟರ್ ಆಯಿತು. ಕೇಳುವುದಕ್ಕೆ ದೊಡ್ಡ ಲೆಕ್ಕ, ಕಾದ ನೆಲಕ್ಕೆ ಒಂದು ಗುಟುಕು. ನಾನು ಆ ಮಗುವನ್ನು ಮೊದಲೇ ಕೇಳಬೇಕಿತ್ತು.

ಮಳೆ ನಕ್ಷತ್ರಗಳು ಸುಳ್ಳೆಂದು ನಾನು ಹೇಳುತ್ತಿಲ್ಲ. ಸೂರ್ಯನು 27 ನಕ್ಷತ್ರಗಳನ್ನು ವರ್ಷಕ್ಕೊಮ್ಮೆ ದಾಟುತ್ತಾನೆ, ಒಂದೊಂದರಲ್ಲಿ 13-14 ದಿನ ಇರುತ್ತಾನೆ. ನಿಮ್ಮ ಹಿರಿಯರ ಈ ಲೆಕ್ಕವೂ ಆಕಾಶದ ಪಾಠವೇ. ಬುಗುರಿಯ ತಲೆ ತೂಗಾಡುವಂತೆ ಭೂಮಿಯ ಅಕ್ಷವೂ ಸುಮಾರು 26,000 ವರ್ಷಕ್ಕೊಂದು ಸುತ್ತು ಬರುವುದರಿಂದ, ಋತುವಿಗೆ ಹೋಲಿಸಿದರೆ ನಕ್ಷತ್ರದ ಲೆಕ್ಕ ಸುಮಾರು 72 ವರ್ಷಕ್ಕೆ ಒಂದು ದಿನ ಹಿಂದೆ ಬೀಳುತ್ತದೆ. ಅಷ್ಟು ದೊಡ್ಡ ದೋಷವೇನಲ್ಲ. ಆದರೆ ನಕ್ಷತ್ರವು ಕಾಲ ಹೇಳೀತು, ನಿಮ್ಮ ಹೊಲಕ್ಕೆ ಎಷ್ಟು ನೀರು ಬಿತ್ತೆಂದು ಹೇಳದು. ಅದನ್ನು ಡಬ್ಬವೇ ಹೇಳಬೇಕು.

ಆ ಪುಸ್ತಕದಲ್ಲಿ ನನ್ನ ಮನಸ್ಸಿಗೆ ನೋವಾದದ್ದು ಅದರ ಖಾಲಿ ಪುಟಗಳು. ಬಿತ್ತನೆಯ ವಾರಗಳಲ್ಲೇ ಬರವಣಿಗೆ ಇಲ್ಲ. ಕೇಳಿದರೆ, ಒಬ್ಬ ದನದ ಹಿಂದೆ ಹೋಗಿದ್ದ, ಒಬ್ಬಳು ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿದಿದ್ದಳು. ಆಳುಗಳಿಲ್ಲದ ನಿಮ್ಮ ಕಷ್ಟ ನನಗೆ ಗೊತ್ತು. ಆದರೂ ದಯಮಾಡಿ ಜೂನ್‌ನಲ್ಲಿ ಮಕ್ಕಳನ್ನು ಶಾಲೆ ಬಿಡಿಸಬೇಡಿ. ಡಬ್ಬ ನೋಡುವುದು ಬೆಳಗ್ಗೆ 8-30ಕ್ಕೆ. ಒಂದು ದಿನ ತಪ್ಪಿದರೂ ಆ ದಿನದ ಮಳೆ ಎಷ್ಟೆಂದು ಆಮೇಲೆ ತಿಳಿಯುವುದಿಲ್ಲ.

ನಿಮ್ಮ ಹೊಲಕ್ಕೂ ಒಂದು ಡಬ್ಬ ಇಡಬಹುದು. ಬಾಯಿ, ಬುಡ ಒಂದೇ ಅಗಲವಿರುವ, ನೆಟ್ಟಗಿನ ಗೋಡೆಯ ಡಬ್ಬವಾಗಲಿ. ಮರದಿಂದಲೂ ಸೂರಿನಿಂದಲೂ ದೂರ, ಬಯಲಿನಲ್ಲಿ ಇಡಿ. ಒಳಗೆ ನಿಂತ ನೀರನ್ನು ಅಡಿಪಟ್ಟಿಯಿಂದ ಅಳೆದು ಚೆಲ್ಲಿಬಿಡಿ. ಅಳೆಯುವುದನ್ನು ನಿಮ್ಮ ಮಗಳೇ ಕಲಿಸಿಕೊಡುತ್ತಾಳೆ.

ಏಪ್ರಿಲ್ 24ರಂದು ಶಾಲೆಗೆ ರಜೆ ಇರುತ್ತದೆ, ಕೋಲು ಮಾತ್ರ ಅಂಗಳದಲ್ಲೇ ಇರುತ್ತದೆ. ಮಧ್ಯಾಹ್ನ 12-17ಕ್ಕೆ ನೆರಳು ಮಾಯವಾಗುವುದನ್ನು ಮಕ್ಕಳು ತೋರಿಸುವರು. ದನಗಳನ್ನು ನೆರಳಿಗೆ ಕಟ್ಟಿ, 12 ಗಂಟೆಗೇ ಬಂದುಬಿಡಿ.