ಹಾಡು ಬಂತು, ಸಾಲು ಬರಲಿಲ್ಲ

ಕನ್ನಡದಲ್ಲಿ ಜನಪದ ರಾಕ್ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ರಘು ದೀಕ್ಷಿತ್ ಅವರ ತಂಡ. 2008ರ ಅವರ ಮೊದಲ ಆಲ್ಬಂನಲ್ಲಿ ಗಿಟಾರು, ಡ್ರಮ್ಸುಗಳ ಜೊತೆ ಶಿಶುನಾಳ ಶರೀಫರ ಎರಡು ತತ್ವಪದಗಳಿದ್ದವು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮ, 2011ರಲ್ಲಿ ಬ್ರಿಟನ್ನಿನ ಸಾಂಗ್‌ಲೈನ್ಸ್ ಪ್ರಶಸ್ತಿ ಆ ತಂಡಕ್ಕೆ ಒಲಿದವು. ಈ ಏಳಿಗೆಯಲ್ಲಿ ನನ್ನನ್ನು ಕಾಡುವ ಪ್ರಶ್ನೆ ಒಂದೇ. ಮೈಸೂರಿನಲ್ಲಿ ಬೆಳೆದ ಗಾಯಕನಿಗೆ ಸುಮಾರು 60 ಕಿಲೋಮೀಟರ್ ದೂರದ ಕೊಳ್ಳೇಗಾಲ ಸೀಮೆಯ ಮಾದೇಶ್ವರ, ಮಂಟೇಸ್ವಾಮಿ ಪದಗಳಿಗಿಂತ ಹಾವೇರಿ ಜಿಲ್ಲೆಯ ಶಿಶುನಾಳವೇ ಮೊದಲು ದಕ್ಕಿದ್ದು ಏಕೆ?

ಸಿ. ಅಶ್ವಥ್ ಅವರ ಕಂಠ ಮತ್ತು 1990ರ ‘ಸಂತ ಶಿಶುನಾಳ ಶರೀಫ’ ಚಿತ್ರ ದಾರಿ ಮಾಡಿಕೊಟ್ಟಿದ್ದವು ಎಂಬುದು ಅರ್ಧ ಉತ್ತರ. ಉಳಿದರ್ಧ ಪದದ ಕಟ್ಟಿನಲ್ಲಿದೆ. ಶರೀಫರ ಪದ ಪಲ್ಲವಿಯಿಂದ ಹೊರಟು ಅಂಕಿತಕ್ಕೆ ಬಂದು ನಿಲ್ಲುತ್ತದೆ. ಹಿಂದುಮುಂದಿನ ಕಥೆ ಗೊತ್ತಿಲ್ಲದವನಿಗೂ ಅದು ಪೂರ್ತಿ ಸಿಕ್ಕುತ್ತದೆ. ನಾಲ್ಕು ನಿಮಿಷದ ಧ್ವನಿಮುದ್ರಣಕ್ಕೆ ಹೇಳಿ ಮಾಡಿಸಿದ ಅಳತೆ. ಹನೂರಿನ ಮಲೆಯಲ್ಲಿ ಮಾದೇಶ್ವರನ ದೀಕ್ಷೆ ಪಡೆದು ಕಂಸಾಳೆ ಹಿಡಿದ ದೇವರಗುಡ್ಡರು ಹಾಡುವುದು ಹಾಗಲ್ಲ. ಅಲ್ಲಿ ಪದಕ್ಕಿಂತ ಸಾಲು, ಎಂದರೆ ಕಥಾಭಾಗ, ದೊಡ್ಡದು: ಶ್ರವಣದೊರೆಯ ಸಾಲು, ಇಕ್ಕೇರಿ ದೇವಮ್ಮನ ಸಾಲು, ಸಂಕಮ್ಮನ ಸಾಲು. ಮಾತು ಪದವಾಗುತ್ತ, ಪದ ಮಾತಿಗೆ ಮರಳುತ್ತ, ಹಿಮ್ಮೇಳದವರು ಸೊಲ್ಲೆತ್ತುತ್ತ ಕಥೆ ರಾತ್ರಿಯಿಡೀ ನಡೆಯುತ್ತದೆ. ಮಂಟೇಸ್ವಾಮಿ, ಸಿದ್ಧಪ್ಪಾಜಿಯರ ಕಥೆ ಹೇಳುವ ನೀಲಗಾರರ ಮೇಳದ್ದೂ ಇದೇ ರೀತಿ. ಮುಂದೆ ನಿಂತ ಹಾಡುಗಾರ, ಶ್ರುತಿಗೆ ತಂಬೂರಿ, ಲಯಕ್ಕೆ ಗಗ್ಗರ, ಜೊತೆಗೆ ಹಿಮ್ಮೇಳ. ಬ್ಯಾಂಡು ಎನ್ನಲು ಇನ್ನೇನು ಬೇಕು? ನಮ್ಮ ರಾಕ್ ತಂಡಗಳು ಈ ಸೀಮೆಯಿಂದ ಕಲಿಯಬೇಕಾದದ್ದು ಮಟ್ಟುಗಳನ್ನಲ್ಲ, ಕಥೆ ನಡೆಸುವ ಈ ಕ್ರಮವನ್ನು ಎಂಬುದು ನನ್ನ ವಾದ.

ಕ್ರಮ ಬಿಟ್ಟು ಮಟ್ಟನ್ನಷ್ಟೇ ಕಿತ್ತುಕೊಂಡರೆ ಏನಾಗುತ್ತದೆಂಬುದಕ್ಕೆ ‘ಕೋಲುಮಂಡೆ’ ಸಾಕ್ಷಿ. ಅದು ಸಂಕಮ್ಮನ ಕಥೆಗೆ ಸೇರಿದ ಪದ. ಜೇನು ಕೀಳಲು ಕಾಡಿಗೆ ಹೊರಟ ನೀಲೇಗೌಡ ಹೆಂಡತಿಯಿಂದ ಶೀಲದ ಭಾಷೆ ಕೇಳುತ್ತಾನೆ. ಆಕೆ ಒಪ್ಪದಿದ್ದಾಗ ಹಿಂಸಿಸಿ, ಕೂಡಿಹಾಕಿ ಹೋಗುತ್ತಾನೆ. ಆ ಬಾಗಿಲಿಗೆ ಮಾದೇಶ್ವರ, ಜನರ ಮಾದಪ್ಪ, ಜಂಗಮನಾಗಿ ಬರುತ್ತಾನೆ, ಕಾರಯ್ಯ ಬಿಲ್ಲಯ್ಯರೆಂಬ ಮಕ್ಕಳ ವರ ಕೊಡುತ್ತಾನೆ. 1996ರ ‘ಜನುಮದ ಜೋಡಿ’ಯಲ್ಲಿ ವಿ. ಮನೋಹರ್ ಸಂಗೀತದಲ್ಲಿ ಎಲ್.ಎನ್. ಶಾಸ್ತ್ರಿ ಇದನ್ನು ಹಾಡಿದಾಗ ನಾಡು ಮೆಚ್ಚಿತು. 2020ರಲ್ಲಿ ಚಂದನ್ ಶೆಟ್ಟಿ ಅವರ ರ‍್ಯಾಪ್ ವಿಡಿಯೊ ಬಂದಾಗ ಸಂಕಮ್ಮನನ್ನು ಅಶ್ಲೀಲವಾಗಿ ತೋರಿಸಲಾಗಿದೆ ಎಂದು ಭಕ್ತರು ಸಿಡಿದೆದ್ದರು. ಶೆಟ್ಟಿ ಕ್ಷಮೆ ಕೇಳಿ ವಿಡಿಯೊ ತೆಗೆದರು. ಇದನ್ನು ಬರೀ ಭಕ್ತಿಯ ಮುನಿಸೆಂದು ತಳ್ಳಿಹಾಕುವುದು ಸುಲಭ. ಆದರೆ ಗಂಡನ ಶಂಕೆಗೆ ಸಿಕ್ಕು ನರಳಿದ ಹೆಣ್ಣೊಬ್ಬಳ ಕಥೆಯನ್ನು ಇಡಿಯಾಗಿ ಬಲ್ಲವರು, ಆಕೆಯನ್ನೇ ಕುಣಿತದ ಗೊಂಬೆಯಾಗಿ ಕಂಡಾಗ ಸುಮ್ಮನಿರಲಾರರು. ಅವರ ಸಿಟ್ಟಿನಲ್ಲಿ ಸಾಹಿತ್ಯ ವಿಮರ್ಶೆಯೂ ಇತ್ತು.

ಜನಪದ ಎಂದೂ ನಿಂತ ನೀರಲ್ಲ, ಕ್ಯಾಸೆಟ್ಟಿನ ಕಾಲದಲ್ಲಿ ಮೇಳದವರೇ ಹೊಸ ವಾದ್ಯ ಸೇರಿಸಿಕೊಂಡರಲ್ಲ ಎನ್ನುವವರಿದ್ದಾರೆ. ನಿಜ. ವಾದ್ಯ ಬದಲಾದುದಕ್ಕೆ ನನ್ನ ತಕರಾರಿಲ್ಲ, ಗಿಟಾರಿಗೂ ಇಲ್ಲ. ಕ್ಯಾಸೆಟ್ಟಿನಲ್ಲೂ ಅವರು ಕಥೆಯನ್ನೇ ಹೇಳಿದರು ಎಂಬುದು ಮುಖ್ಯ. ಬಿಡಿ ಪದಕ್ಕೂ ಬಾಳಿಕೆಯಿಲ್ಲವೇ ಎಂಬುದು ಇನ್ನೂ ಗಟ್ಟಿ ಆಕ್ಷೇಪ: 2021ರ ‘ಗರುಡ ಗಮನ ವೃಷಭ ವಾಹನ’ದಲ್ಲಿ ‘ಸೋಜುಗಾದ ಸೂಜುಮಲ್ಲಿಗೆ’ ಎಂಬ ಮಾದಪ್ಪನ ಪದ ಮಂಗಳೂರಿನ ರೌಡಿಯೊಬ್ಬನ ಕ್ರೌರ್ಯದ ಪಕ್ಕದಲ್ಲೇ ಕೇಳಿಬಂದು ಮೈ ನಡುಗಿಸಿತು. ಆದರೆ ಅಲ್ಲಿ ಪದಕ್ಕೆ ಸಿನಿಮಾ ತನ್ನದೇ ಕಥೆಯೊಂದನ್ನು ಕಟ್ಟಿಕೊಟ್ಟಿತ್ತು. ಕಥೆಯ ಆಸರೆಯಿಲ್ಲದೆ ವೇದಿಕೆ ಹತ್ತುವ ಬ್ಯಾಂಡಿಗೆ ಆ ಅನುಕೂಲವಿಲ್ಲ.

ಇಂದಿನ ಕೇಳುಗನಿಗೆ ಇಡೀ ಕಥೆ ಕೇಳುವಷ್ಟು ತಾಳ್ಮೆ ಎಲ್ಲಿದೆ ಎಂಬ ಮಾತನ್ನು ನಾನು ನಂಬುವುದಿಲ್ಲ. ಇಂಗ್ಲೆಂಡಿನ ಫೇರ್‌ಪೋರ್ಟ್ ಕನ್ವೆನ್ಷನ್ ತಂಡ 1969ರ ‘ಲೀಜ್ ಆ್ಯಂಡ್ ಲೀಫ್’ ಆಲ್ಬಂನಲ್ಲಿ ‘ಟ್ಯಾಮ್ ಲಿನ್’, ‘ಮ್ಯಾಟಿ ಗ್ರೋವ್ಸ್’ ಎಂಬ ಹಳೆಯ ಕಥನಗೀತೆಗಳನ್ನು ಏಳೆಂಟು ನಿಮಿಷಗಳಷ್ಟು ಕಾಲ, ಕಥೆ ಮುಗಿಯುವವರೆಗೂ ಎಲೆಕ್ಟ್ರಿಕ್ ಗಿಟಾರಿನಲ್ಲಿ ನಡೆಸಿತು. ಅಲ್ಲಿನ ಜನಪದ ರಾಕ್ ಬೇರು ಬಿಟ್ಟದ್ದು ಆ ಆಲ್ಬಂನಿಂದ. ಸಂಕಮ್ಮನ ಸಾಲಿಗೆ ಒಂದಿಡೀ ಆಲ್ಬಂ ಏಕೆ ಬೇಡ?

ಹಾಗೆಂದು ಈ ಸೀಮೆಯದ್ದೆಲ್ಲವೂ ಬ್ಯಾಂಡಿಗೆ ಒಗ್ಗದು. ಯಳಂದೂರಿನ ಬಿಳಿಗಿರಿಯಲ್ಲಿ ರಂಗಪ್ಪನನ್ನು ಭಾವನೆಂದು ಕರೆಯುವ ಸೋಲಿಗರ ‘ಗೊರುಕೊ ಗೊರುಕನ’ದಲ್ಲಿ ಹಾಡುವವರೇ ಕುಣಿಯುವವರು, ಅದನ್ನು ವೇದಿಕೆಗೆ ತರಬೇಕಾದರೆ ಮೊದಲು ಪ್ರೇಕ್ಷಕನನ್ನು ಹುಟ್ಟಿಸಬೇಕು. ದೀಕ್ಷೆಯಿಲ್ಲದವರು ಮಾದಪ್ಪನ ಕಥೆ ಹಾಡಬಹುದೇ ಎಂಬ ಪ್ರಶ್ನೆಯೂ ಇದೆ. ಸಿನಿಮಾ ಹಾಡಿಯಾಗಿದೆ, ಇನ್ನು ತಡೆಯಲಾಗದು. ಆದರೆ ಕಲಿಸಿದ ಮೇಳದ ಹೆಸರನ್ನಾದರೂ ಹೇಳಲೇಬೇಕು. ಕೆ. ಕೇಶವನ್ ಪ್ರಸಾದ್ ಸಂಪಾದಿಸಿದ ಮಾದೇಶ್ವರ ಕಾವ್ಯ 2001ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯಿಂದ ಇಂಗ್ಲಿಷಿಗೆ ಬಂದಾಗ, ಹಾಡಿದ ಹೆಬ್ಬಣಿ ಮಾದಯ್ಯ ಮತ್ತು ತಂಡದ ಹೆಸರನ್ನು ಅದು ಮರೆಯಲಿಲ್ಲ. ಆಲ್ಬಂಗಳಲ್ಲಿ ಆ ಜಾಗಕ್ಕೆ ‘ಜನಪದ’ ಎಂಬ ಒಂದೇ ಪದ ಬಂದು ಕೂರುತ್ತದೆ. ಗೌರವಧನ ಯಾರಿಗೆ ಸಲ್ಲಬೇಕೆಂಬ ಪ್ರಶ್ನೆಯೂ ಅಲ್ಲಿಗೇ ಮುಗಿದುಹೋಗುತ್ತದೆ.