ಮಕ್ಕಳ ಮೈಯಲ್ಲಿ ಬೊಜ್ಜು



ಕೆಲವು ಮಕ್ಕಳ ಕತ್ತಿನ ಹಿಂಭಾಗ ಕಪ್ಪಗಾಗಿ, ಮಖಮಲ್ಲಿನಂತೆ ದಪ್ಪಗಾಗಿರುತ್ತದೆ. ಕೊಳೆಯೆಂದು ತಿಳಿದು ಮನೆಯವರು ಎಷ್ಟು ಉಜ್ಜಿದರೂ ಅದು ಹೋಗುವುದಿಲ್ಲ. ಬೊಜ್ಜು ಬೆಳೆದ ಮೈಯಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದಕ್ಕೆ ಬಹಳ ಸಲ ಇದೇ ಮೊದಲ ಸೂಚನೆ.

ಮಗು ಗುಂಡುಗುಂಡಗಿದ್ದರೆ ಹಿರಿಯರು ಹಿಗ್ಗುತ್ತಾರೆ. ಹಸಿವನ್ನು ಕಂಡ ತಲೆಮಾರಿಗೆ ತುಂಬಿದ ಕೆನ್ನೆಯೇ ಆರೋಗ್ಯ. ಆದರೆ ಕಾಲ ಬದಲಾಗಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಐದು ವರ್ಷದೊಳಗಿನ ಅತಿತೂಕದ ಮಕ್ಕಳ ಪ್ರಮಾಣ 2015-16ರಲ್ಲಿ ಶೇ 2.1 ಇದ್ದದ್ದು 2019-21ರಲ್ಲಿ ಶೇ 3.4ಕ್ಕೆ ಏರಿತು.

ನಮ್ಮ ಮಕ್ಕಳ ವಿಷಯದಲ್ಲಿ ಇನ್ನೊಂದು ಎಚ್ಚರವೂ ಬೇಕು. ಪುಣೆ ಮತ್ತು ಮೈಸೂರಿನ ದೀರ್ಘ ಅಧ್ಯಯನಗಳು ಇದನ್ನು ತೋರಿಸಿವೆ: ಇಲ್ಲಿಯ ಎಳೆಗೂಸುಗಳು ಯುರೋಪಿನ ಕೂಸುಗಳಿಗಿಂತ ತೂಕದಲ್ಲಿ ಕಡಿಮೆ, ಸ್ನಾಯುವೂ ಕಡಿಮೆ, ಮೈಯೊಳಗಿನ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಿರುವುದಿಲ್ಲ. ಹೀಗೆ ಹುಟ್ಟಿದ ಮಗು ಮುಂದೆ ಬೇಗಬೇಗ ದಪ್ಪವಾದರೆ ಸಕ್ಕರೆ ಕಾಯಿಲೆಯ ಅಪಾಯ ಹೆಚ್ಚು.

ದಪ್ಪವಾಗಿಸುವುದು ಯಾವುದು? 300 ಮಿಲಿಲೀಟರ್ ಕೋಲಾದಲ್ಲಿ ಸುಮಾರು 30 ಗ್ರಾಂ ಸಕ್ಕರೆ, ಅಂದರೆ ಆರು ಚಮಚ. ಅದರ ಜೊತೆಗೆ ಚಿಪ್ಸ್, ಬಿಸ್ಕತ್ತು, ಟಿವಿ ನೋಡುತ್ತಾ ಊಟ, ತಡರಾತ್ರಿಯ ಮೊಬೈಲು, ಆಟದ ಹೊತ್ತನ್ನು ನುಂಗುವ ಟ್ಯೂಷನ್. ನಿದ್ದೆಗೆಟ್ಟ ಮಗುವಿಗೆ ಹಸಿವೂ ಹೆಚ್ಚು. ವಂಶಗುಣದ ಪಾಲೂ ಇದೆ. ಹಾಗಾಗಿ ಮಗುವನ್ನು ಹೊಟ್ಟೆಬಾಕನೆಂದು ಹಂಗಿಸುವುದು ಅನ್ಯಾಯ.

ಪರಿಣಾಮಗಳು ಮುಂದೆಂದೋ ಬರುವಂಥವಲ್ಲ. ರಕ್ತದೊತ್ತಡ, ಯಕೃತ್ತಿನಲ್ಲಿ ಕೊಬ್ಬು, ನಿದ್ದೆಯಲ್ಲಿ ಉಸಿರುಕಟ್ಟುವಿಕೆ, ಮಂಡಿನೋವು, ಹದಿಹರೆಯದ ಹುಡುಗಿಯರಲ್ಲಿ ಮುಟ್ಟಿನ ಏರುಪೇರು, ಹಿಂದೆ ದೊಡ್ಡವರಲ್ಲಷ್ಟೇ ಕಾಣುತ್ತಿದ್ದ ಟೈಪ್-2 ಮಧುಮೇಹ: ಇವೆಲ್ಲ ಶಾಲೆಗೆ ಹೋಗುವ ವಯಸ್ಸಿನಲ್ಲೇ ಕಾಣಿಸಿಕೊಳ್ಳಬಹುದು. ಸಹಪಾಠಿಗಳ ಗೇಲಿಯಿಂದ ಮನಸ್ಸಿಗಾಗುವ ಗಾಯ ಬೇರೆ.

ಬೆಳೆಯುವ ಮಗುವನ್ನು ಉಪವಾಸ ಕೆಡವಬೇಡಿ. ತೂಕ ಇದ್ದಲ್ಲೇ ನಿಂತರೂ ಎಷ್ಟೋ ಮಕ್ಕಳಿಗೆ ಎತ್ತರ ಕೂಡಿ ಬಂದಂತೆ ಮೈ ಹದಕ್ಕೆ ಬರುತ್ತದೆ. ಮಕ್ಕಳ ವೈದ್ಯರನ್ನು ಕೇಳಿ. ಮನೆಮಂದಿಯೆಲ್ಲ ಒಂದೇ ಊಟ ಮಾಡಲಿ: ಮುದ್ದೆ, ಸೊಪ್ಪಿನ ಸಾರು, ಕಾಳಿನ ಪಲ್ಯ, ಕುಡಿಯಲು ನೀರು ಇಲ್ಲವೇ ಮಜ್ಜಿಗೆ. ದಿನಕ್ಕೆ ಒಂದು ಗಂಟೆ ಮೈದಣಿಯುವ ಆಟವಿರಲಿ. ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಅತಿಯಾದ ತಿನಿಸು ಮಾರಬಾರದೆಂಬ ನಿಯಮ 2020ರಲ್ಲೇ ಬಂದಿದೆ. ಅದು ನಿಮ್ಮ ಮಕ್ಕಳ ಶಾಲೆಯಲ್ಲಿ ಪಾಲನೆಯಾಗುತ್ತಿದೆಯೇ ಎಂದು ಮುಂದಿನ ಪೋಷಕರ ಸಭೆಯಲ್ಲೇ ಕೇಳಿ.