ಸೊಪ್ಪಿಗೆ ಮಾಫಿ, ಚಿಲುಮೆಗೆ ಕೋಳ

ಅಮೆರಿಕದ ಪೂರ್ವ ಕರಾವಳಿಯಲ್ಲಿ ಮೇರಿಲ್ಯಾಂಡ್ ಎಂಬ ಪುಟ್ಟ ರಾಜ್ಯವಿದೆ. 2014ರ ಅಕ್ಟೋಬರ್ 1ರಂದು ಅಲ್ಲಿ ಹೊಸ ಕಾಯ್ದೆಯೊಂದು ಜಾರಿಗೆ ಬಂತು. ಯಾರ ಬಳಿಯಾದರೂ 10 ಗ್ರಾಮಿಗಿಂತ ಕಡಿಮೆ ಗಾಂಜಾ ಸಿಕ್ಕರೆ ಇನ್ನು ಮುಂದೆ ಕ್ರಿಮಿನಲ್ ಕೇಸಿಲ್ಲ, ಜೈಲಿಲ್ಲ. ಮೊದಲ ಸಲ ಸಿಕ್ಕವರಿಗೆ 100 ಡಾಲರ್ ದಂಡ, ಅಷ್ಟೆ. ನಿಲ್ಲಿಸಬಾರದ ಕಡೆ ಗಾಡಿ ನಿಲ್ಲಿಸಿದವರ ಕೈಗೆ ಪೊಲೀಸರು ಹರಿದುಕೊಡುವಂಥದೇ ಒಂದು ಚೀಟಿ.

ಆದರೆ ಅದೇ ಜೇಬಿನಲ್ಲಿ ಒಂದು ಚಿಲುಮೆಯೂ ಇದ್ದರೆ? ಸೊಪ್ಪನ್ನು ಸುತ್ತಿಕೊಳ್ಳುವ ತೆಳು ಕಾಗದ ಇದ್ದರೆ? ಅದು ಮಾತ್ರ ಆಗಲೂ ಹಿಂದಿನಂತೆಯೇ ಕ್ರಿಮಿನಲ್ ಅಪರಾಧವಾಗಿತ್ತು. ಮೊದಲ ಸಲ 500 ಡಾಲರ್‌ವರೆಗೆ ದಂಡ, ಮತ್ತೊಮ್ಮೆ ಸಿಕ್ಕಿಬಿದ್ದರೆ 2 ವರ್ಷದವರೆಗೆ ಜೈಲು. ಗಾಂಜಾ ಕಟ್ಟಿಟ್ಟ ಸಣ್ಣ ಚೀಲವನ್ನೂ ಕಾಯ್ದೆಯ ಪಟ್ಟಿಯೊಳಕ್ಕೆ ಎಳೆದು ತರಬಹುದಿತ್ತು. ಸೊಪ್ಪಿಗೆ ಮಾಫಿ ಸಿಕ್ಕಿತು, ಸೊಪ್ಪು ಕಟ್ಟಿದ ಕಾಗದಕ್ಕೆ ಸಿಗಲಿಲ್ಲ. ಕಾನೂನಿಗೆ ಇಂಥ ಗಂಟು ಒಂದೇ ದಿನದಲ್ಲಿ ಬಿದ್ದದ್ದಲ್ಲ. ಅದನ್ನು ಬಿಡಿಸಬೇಕಾದರೆ ಸುಮಾರು 80 ವರ್ಷ ಹಿಂದಕ್ಕೆ ಹೋಗಬೇಕು.

1937ರಲ್ಲಿ ಅಮೆರಿಕದ ಸಂಸತ್ತು ಗಾಂಜಾದ ಮೇಲೆ ಒಂದು ತೆರಿಗೆ ಹಾಕಿತು. ಹೆಸರಿಗೆ ತೆರಿಗೆ, ಕೆಲಸಕ್ಕೆ ನಿಷೇಧ. ನೋಂದಾಯಿಸಿಕೊಳ್ಳದವರಿಗೆ ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಮ್ ಗಾಂಜಾ ಕೊಡಬೇಕಾದರೆ 100 ಡಾಲರ್ ಕಟ್ಟಬೇಕು. ಆ ಕಾಲದಲ್ಲಿ 100 ಡಾಲರ್ ಯಾರು ಕಟ್ಟುತ್ತಾರೆ? ಕಟ್ಟದವರು ತೆರಿಗೆಗಳ್ಳರು, ತೆರಿಗೆಗಳ್ಳರಿಗೆ ಜೈಲು. ಮಾದಕವಸ್ತು ಇಲಾಖೆಯ ಮುಖ್ಯಸ್ಥ ಹ್ಯಾರಿ ಆನ್ಸ್‌ಲಿಂಗರ್ ಈ ಮಸೂದೆಯ ಬೆನ್ನಿಗೆ ನಿಂತಿದ್ದ. ಅಮೆರಿಕದ ವೈದ್ಯಕೀಯ ಸಂಘದ ಪರವಾಗಿ ಸಂಸತ್ತಿನ ಸಮಿತಿಯ ಮುಂದೆ ಬಂದ ಡಾ. ವಿಲಿಯಂ ವುಡ್‌ವರ್ಡ್ ಒಬ್ಬರೇ, ಪತ್ರಿಕೆಯ ಸುದ್ದಿಗಳನ್ನು ಸಾಕ್ಷ್ಯವೆನ್ನಲಾಗದು, ಸರಿಯಾದ ಸಾಕ್ಷ್ಯ ಎಲ್ಲಿದೆ ಎಂದು ಕೇಳಿದರು. ಅವರ ಮಾತಿಗೆ ಬೆಲೆ ಸಿಗಲಿಲ್ಲ. ಅಕ್ಟೋಬರ್ 1ಕ್ಕೆ ಕಾಯ್ದೆ ಜಾರಿಯಾಯಿತು. ಕೆಲವೇ ದಿನಗಳಲ್ಲಿ ಡೆನ್ವರ್ ಊರಿನಲ್ಲಿ ಇಬ್ಬರಿಗೆ ಶಿಕ್ಷೆಯಾಯಿತು. ಮಾರಿದವನಿಗೆ 4 ವರ್ಷ, ಕೈಯಲ್ಲಿ ಇಟ್ಟುಕೊಂಡಿದ್ದವನಿಗೆ 18 ತಿಂಗಳು.

ಆಮೇಲೆ ಶಿಕ್ಷೆ ಏರುತ್ತಲೇ ಹೋಯಿತು. 1951ರಲ್ಲಿ ಬಾಗ್ಸ್ ಕಾಯ್ದೆ, 1956ರಲ್ಲಿ ಅದಕ್ಕಿಂತ ಬಿಗಿಯಾದ ಇನ್ನೊಂದು. ಮೊದಲ ಸಲ ಸಿಕ್ಕವರಿಗೂ ಕನಿಷ್ಠ 2 ವರ್ಷ. ರಾಜ್ಯಗಳು ಇನ್ನೂ ಮುಂದೆ ಹೋದವು. ಟೆಕ್ಸಾಸಿನಲ್ಲಿ 1973ರವರೆಗೂ, ಎಷ್ಟೇ ಗಾಂಜಾ ಸಿಗಲಿ, 2 ವರ್ಷದಿಂದ ಹಿಡಿದು ಜೀವಾವಧಿಯವರೆಗೆ ಶಿಕ್ಷೆ ಹಾಕಬಹುದಾಗಿತ್ತು.

ಅಂಥ ಕಾಲದಲ್ಲಿ, 1969ರಲ್ಲಿ, ಮಿಷಿಗನ್ನಿನ ಕವಿ ಜಾನ್ ಸಿಂಕ್ಲೇರ್‌ಗೆ ಸುಮಾರು 10 ವರ್ಷ ಶಿಕ್ಷೆಯಾಯಿತು. ಮಾಡಿದ ತಪ್ಪು: ಎರಡು ಗಾಂಜಾ ಸಿಗರೇಟು. ಬೀಡಿಯಷ್ಟು ಉದ್ದದ ಎರಡು ಸುರುಳಿಗೆ, ಒಂದೊಂದಕ್ಕೆ ಬಾಳಿನ ಐದೈದು ವರ್ಷ ಹೋಗುವುದೆಂದರೆ ಕೇಳಿದವರ ಹೊಟ್ಟೆ ಉರಿಯದೆ ಇದ್ದೀತೆ? 1971ರ ಡಿಸೆಂಬರ್ 10ರ ರಾತ್ರಿ ಆ್ಯನ್ ಆರ್ಬರ್ ಊರಿನ ಕ್ರೀಡಾಂಗಣದಲ್ಲಿ ಸುಮಾರು 15,000 ಜನ ಸೇರಿದರು. ಬೀಟಲ್ಸ್ ತಂಡದಿಂದ ಹೊರಬಂದಿದ್ದ ಜಾನ್ ಲೆನನ್ ಸಿಂಕ್ಲೇರನ ಹೆಸರಿನಲ್ಲೇ ಒಂದು ಹಾಡು ಕಟ್ಟಿ ಹಾಡಿದ. ಅದರ ಹಿಂದಿನ ದಿನವಷ್ಟೆ ಮಿಷಿಗನ್ನಿನ ಶಾಸನಸಭೆ ಗಾಂಜಾ ಶಿಕ್ಷೆಯನ್ನು ಇಳಿಸಿತ್ತು. ಮೂರು ದಿನದಲ್ಲಿ ಸಿಂಕ್ಲೇರ್ ಜೈಲಿನಿಂದ ಹೊರಬಂದ. ಮರುವರ್ಷ ಮಾರ್ಚಿನಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಅವನ ಶಿಕ್ಷೆಯನ್ನೇ ರದ್ದು ಮಾಡಿತು.

ಅದೇ 1972ರಲ್ಲಿ ಇನ್ನೊಂದು ಘಟನೆ. ಅಧ್ಯಕ್ಷ ನಿಕ್ಸನ್ ಗಾಂಜಾ ಕುರಿತು ಒಂದು ಆಯೋಗ ನೇಮಿಸಿದ್ದರು. ಅದರ ಮುಖ್ಯಸ್ಥ ರೇಮಂಡ್ ಶೇಫರ್, ನಿಕ್ಸನ್ನರ ಪಕ್ಷದವರೇ, ಪೆನ್ಸಿಲ್ವೇನಿಯಾದ ಮಾಜಿ ಗವರ್ನರ್. ಗಾಂಜಾ ಬೇಡವೆನ್ನೋಣ, ಆದರೆ ತನ್ನ ಬಳಕೆಗೆಂದು ಸ್ವಲ್ಪ ಇಟ್ಟುಕೊಂಡವನನ್ನು ಕ್ರಿಮಿನಲ್ ಮಾಡುವುದು ಬೇಡ ಎಂದಿತು ಆಯೋಗ. ನಿಕ್ಸನ್ ಆ ವರದಿಯನ್ನು ಬದಿಗಿಟ್ಟರು.

ಇಂಥದೇ ಮಾತು ಅದಕ್ಕೂ 78 ವರ್ಷ ಮೊದಲು ಭಾರತದಲ್ಲಿ ಕೇಳಿಬಂದಿತ್ತು. 1893ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ಎದ್ದ ಒಂದು ಪ್ರಶ್ನೆಯಿಂದಾಗಿ ಇಲ್ಲಿ ಗಾಂಜಾ, ಭಂಗಿ, ಚರಸ್ ಕುರಿತು ಒಂದು ಆಯೋಗ ರಚನೆಯಾಯಿತು. 7 ಜನ ಸದಸ್ಯರು, ಅವರಲ್ಲಿ ಮೂವರು ಭಾರತೀಯರು. ಊರೂರು ತಿರುಗಿ 1,193 ಸಾಕ್ಷಿಗಳ ಹೇಳಿಕೆ ಪಡೆದರು. ಮಿತವಾಗಿ ಸೇದುವುದರಿಂದ ಹೇಳಿಕೊಳ್ಳುವಂಥ ಕೇಡಿಲ್ಲ, ಪೂರ್ತಿ ನಿಷೇಧ ಬೇಡ, ಪರವಾನಗಿ ಮತ್ತು ಸುಂಕ ಸಾಕು ಎಂದು 1894ರಲ್ಲಿ ಬರೆದರು. ಮುಂದೆ 1961ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತವೂ ಸೇರಿತು. ಅದಕ್ಕೆ ತಕ್ಕಂತೆ 1985ರ ಮಾದಕವಸ್ತು ಕಾಯ್ದೆ ಬಂತು. ಭಂಗಿ ಸೊಪ್ಪು ಅದರಿಂದ ಹೊರಗೆ ಉಳಿಯಿತು, ಗಾಂಜಾ ಹೂವು ಒಳಗೆ ಬಿತ್ತು. ಬೆಂಗಳೂರಿನಲ್ಲಾಗಲಿ ಯಾದಗಿರಿಯಲ್ಲಾಗಲಿ ಇವತ್ತಿಗೂ ಅದೇ ಕಾಯ್ದೆ: ಒಂದು ಕಿಲೋ ಒಳಗಿನದು ‘ಸಣ್ಣ ಪ್ರಮಾಣ’, ಅದಕ್ಕೂ 1 ವರ್ಷದವರೆಗೆ ಕಠಿಣ ಸಜೆ.

ಅಮೆರಿಕದ ಕಥೆಗೆ ಮರಳೋಣ. ನಿಕ್ಸನ್ ಕೇಳದಿದ್ದರೂ ರಾಜ್ಯಗಳು ಆಯೋಗದ ಮಾತು ಕೇಳಿದವು. 1973ರಲ್ಲಿ ಓರೆಗಾನ್, ಒಂದು ಔನ್ಸಿನವರೆಗೆ ಜೈಲು ಬೇಡ, 100 ಡಾಲರ್ ದಂಡ ಸಾಕು ಎಂದಿತು. 1978ರ ಹೊತ್ತಿಗೆ ಅಂಥ ರಾಜ್ಯಗಳು 11 ಆದವು. ದಕ್ಷಿಣದ ಸಂಪ್ರದಾಯಸ್ಥ ಮಿಸಿಸಿಪ್ಪಿಯೂ ಅದರಲ್ಲಿ ಸೇರಿತ್ತು. 1977ರ ಆಗಸ್ಟಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್, ಶಿಕ್ಷೆ ಎನ್ನುವುದು ಆ ಪದಾರ್ಥಕ್ಕಿಂತ ಹೆಚ್ಚು ಕೇಡು ಮಾಡಬಾರದು ಎಂದು ಸಂಸತ್ತಿಗೆ ಬರೆದು ಕಳಿಸಿದರು. ಈ ಇಡೀ ಇತಿಹಾಸದಲ್ಲಿ ಇಷ್ಟು ನ್ಯಾಯವಾದ ಮಾತು ಇನ್ನೊಂದಿಲ್ಲ.

ಚಿಲುಮೆಯ ಮೇಲೆ ಕಾನೂನಿನ ಕಣ್ಣು ಬಿದ್ದದ್ದು ಇದಾದ ಮೇಲೆ. ಆಗ ಊರೂರಲ್ಲಿ, ಹಾಡಿನ ರೆಕಾರ್ಡು ಮಾರುವ ಅಂಗಡಿಗಳಲ್ಲೂ, ಬಣ್ಣಬಣ್ಣದ ಗಾಜಿನ ಚಿಲುಮೆ, ನೀರು ತುಂಬಿ ಸೇದುವ ಕೊಳವೆ, ಸುತ್ತುವ ಕಾಗದ ಎಲ್ಲ ಗಾಜಿನ ಕಪಾಟಿನಲ್ಲಿ ಇರುತ್ತಿದ್ದವು. ಶಾಲೆಗೆ ಹೋಗುವ ಮಕ್ಕಳು ನಿಂತು ನೋಡುತ್ತಿದ್ದರು. ತಂದೆತಾಯಿಗಳು ಸಿಟ್ಟಾದರು. ಅವರ ಭಯ ಸುಳ್ಳಲ್ಲ. ಎಳೆಯ ವಯಸ್ಸಿನ ಮಿದುಳಿಗೆ ಗಾಂಜಾ ಒಳ್ಳೆಯದಲ್ಲ ಎಂಬುದನ್ನು ವೈದ್ಯರು ಇಂದಿಗೂ ಹೇಳುತ್ತಾರೆ. ಆದರೆ ಆ ಭಯಕ್ಕೆ ಉತ್ತರವಾಗಿ ಬಂದ ಕಾನೂನಿನ ಬಲೆ ತೀರ ಅಗಲವಾಗಿತ್ತು. 1979ರಲ್ಲಿ ಕೇಂದ್ರದ ಮಾದಕವಸ್ತು ನಿಯಂತ್ರಣ ಸಂಸ್ಥೆ ರಾಜ್ಯಗಳಿಗೆಂದು ಒಂದು ಮಾದರಿ ಕಾಯ್ದೆ ಬರೆದುಕೊಟ್ಟಿತು. ಅದರ ಪಟ್ಟಿ ಓದಿದರೆ ಮನೆಯ ಅಡುಗೆಕೋಣೆಯೇ ಕಣ್ಣಮುಂದೆ ಬರುತ್ತದೆ: ತಕ್ಕಡಿ, ಚಮಚ, ಬಟ್ಟಲು, ಮಿಕ್ಸಿ, ಲಕೋಟೆ, ಬಲೂನು. ಚಮಚ ಚಮಚವೋ ಅಪರಾಧದ ಸಾಧನವೋ ಎಂಬುದು ಅದನ್ನು ಹಿಡಿದವರ ಉದ್ದೇಶಕ್ಕೆ ಬಿಟ್ಟದ್ದು. ಉದ್ದೇಶ ಯಾವುದೆಂದು ಊಹಿಸುವ ಕೆಲಸ ಬೀದಿಯಲ್ಲಿ ನಿಂತ ಪೊಲೀಸಪ್ಪನದು.

ಇಂಥ ಸಾಮಾನಿಗೆಲ್ಲ ಸೇರಿ ಕಾನೂನು ಇಟ್ಟ ಹೆಸರು ಪ್ಯಾರಫರ್ನೇಲಿಯ. ಆ ಪದದ ಹಿನ್ನೆಲೆ ಕೇಳಿದರೆ ಕನ್ನಡದವರಿಗೆ ಅಚ್ಚರಿಯಾದೀತು. ಗ್ರೀಕ್ ಮೂಲದಿಂದ ರೋಮನ್ ಕಾನೂನಿಗೆ ಬಂದ ಆ ಮಾತಿನ ಅರ್ಥ, ವರದಕ್ಷಿಣೆಯ ಹೊರತಾಗಿ ಮದುಮಗಳು ತಂದ, ಅವಳದೇ ಆದ ಒಡವೆ ವಸ್ತು. ನಾವು ಸ್ತ್ರೀಧನ ಅನ್ನುತ್ತೇವಲ್ಲ, ಹೆಚ್ಚುಕಡಿಮೆ ಅದೇ. ಗಂಡನೂ ಮುಟ್ಟಬಾರದ ಸ್ವಂತ ಸೊತ್ತಿಗೆ ಇದ್ದ ಹೆಸರು, ಪೊಲೀಸರು ಜೇಬಿಗೆ ಕೈ ಹಾಕಿ ತೆಗೆಯುವ ವಸ್ತುವಿನ ಹೆಸರಾಯಿತು.

ಇಲಿನಾಯ್ ರಾಜ್ಯದ ಹಾಫ್‌ಮನ್ ಎಸ್ಟೇಟ್ಸ್ ಎಂಬ ಊರಿನ ಅಂಗಡಿಯೊಂದು ಇಂಥ ನಿಯಮವನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1982ರಲ್ಲಿ ಸೋತಿತು. ಅಲ್ಲಿಂದ ಮುಂದೆ ತಡೆಯಿರಲಿಲ್ಲ. 1986ರಲ್ಲಿ ಕೇಂದ್ರವೂ ಕಾಯ್ದೆ ಮಾಡಿ, ಅಂಚೆಯಲ್ಲಿ ಚಿಲುಮೆ ಕಳಿಸಿದರೆ 3 ವರ್ಷದವರೆಗೆ ಜೈಲು ಎಂದಿತು. 2003ರ ಫೆಬ್ರುವರಿಯಲ್ಲಿ ದೇಶದಾದ್ಯಂತ ಒಂದೇ ಸಲ ದಾಳಿ ನಡೆಯಿತು. 55 ಜನರ ಮೇಲೆ ಕೇಸು. ಅವರಲ್ಲಿ ಸಿನಿಮಾ ಹಾಸ್ಯನಟ ಟಾಮಿ ಚಾಂಗ್ ಒಬ್ಬ. ಗಾಜಿನ ಚಿಲುಮೆ ಮಾರಿದ್ದಕ್ಕೆ, 65 ದಾಟಿದ ಆ ಮನುಷ್ಯನಿಗೆ 9 ತಿಂಗಳ ಸೆರೆವಾಸವಾಯಿತು.

ನ್ಯೂಯಾರ್ಕಿನ ಕಥೆ ಇನ್ನೂ ನೋವಿನದು. ಅಲ್ಲಿ 1977ರಲ್ಲೇ 25 ಗ್ರಾಮಿನವರೆಗೆ ಬರಿಯ ದಂಡವೆಂದು ಕಾಯ್ದೆಯಾಗಿತ್ತು. ಆದರೆ ಅದರಲ್ಲೊಂದು ಸಣ್ಣ ಷರತ್ತು: ಗಾಂಜಾ ನಾಲ್ಕು ಜನರ ಕಣ್ಣಿಗೆ ಬೀಳುವಂತೆ ಇದ್ದರೆ ಕ್ರಿಮಿನಲ್. ಪೊಲೀಸರು ಬೀದಿಯಲ್ಲಿ ಹುಡುಗರನ್ನು ತಡೆದು, ಜೇಬಿನಲ್ಲಿರುವುದನ್ನೆಲ್ಲ ತೆಗಿ ಅನ್ನುತ್ತಿದ್ದರು. ಹೆದರಿದ ಹುಡುಗ ತೆಗೆಯುತ್ತಿದ್ದ. ಜೇಬಿನೊಳಗಿದ್ದದ್ದು ಅಂಗೈಗೆ ಬಂದ ಕೂಡಲೇ ಅದು ‘ಬಹಿರಂಗ’. ಕೋಳ ಬೀಳುತ್ತಿತ್ತು. 2011 ಒಂದೇ ವರ್ಷ ನ್ಯೂಯಾರ್ಕ್ ನಗರದಲ್ಲಿ ಹೀಗೆ 50,000ಕ್ಕೂ ಹೆಚ್ಚು ಬಂಧನಗಳಾದವು, ಬಹುಪಾಲು ಕರಿಯ ಮತ್ತು ಲ್ಯಾಟಿನೊ ಯುವಕರು. ನಾಗರಿಕ ಹಕ್ಕುಗಳ ಸಂಘಟನೆ ಎಸಿಎಲ್‌ಯು 2013ರಲ್ಲಿ ದೇಶದ ಲೆಕ್ಕವನ್ನೇ ತೆಗೆಯಿತು. ಸೇದುವುದರಲ್ಲಿ ಕರಿಯರು ಬಿಳಿಯರು ಹೆಚ್ಚುಕಡಿಮೆ ಸಮ. ಗಾಂಜಾ ಇಟ್ಟುಕೊಂಡ ಆರೋಪದಲ್ಲಿ ಬಂಧನಕ್ಕೆ ಒಳಗಾಗುವ ಸಾಧ್ಯತೆ ಮಾತ್ರ ಕರಿಯರಿಗೆ 3.73 ಪಟ್ಟು.

ಮೇರಿಲ್ಯಾಂಡಿನ ಗಂಟು ಬಿದ್ದದ್ದು ಈ ಹಗ್ಗದಲ್ಲೇ. 2014ರ ತಿದ್ದುಪಡಿ ಸೊಪ್ಪನ್ನು ಮುಟ್ಟಿತು, ಚಿಲುಮೆಯ ಕಲಮನ್ನು ಮುಟ್ಟಲಿಲ್ಲ. ಮರುವರ್ಷ ಶಾಸನಸಭೆ ಅದನ್ನೂ ಸರಿಪಡಿಸುವ ಮಸೂದೆ ಪಾಸು ಮಾಡಿತು. ಗವರ್ನರ್ ಲ್ಯಾರಿ ಹೋಗನ್ 2015ರ ಮೇ ತಿಂಗಳಲ್ಲಿ ಅಂಕಿತ ಹಾಕಲು ಒಪ್ಪಲಿಲ್ಲ. ಕಾರು ಓಡಿಸುತ್ತ ಸೇದುವವರನ್ನು ತಡೆಯಲು ಪೊಲೀಸರಿಗೆ ದಾರಿಯೇ ಉಳಿಯುವುದಿಲ್ಲ ಎಂಬುದು ಅವರ ತಕರಾರು. ಆ ಆತಂಕ ತಳ್ಳಿಹಾಕುವಂಥದಲ್ಲ, ಆದರೆ ಅದಕ್ಕಾಗಿ ಸುತ್ತುವ ಕಾಗದಕ್ಕೆ ಕ್ರಿಮಿನಲ್ ಕೇಸು ಉಳಿಸಬೇಕಾಗಿರಲಿಲ್ಲ. 2016ರ ಜನವರಿಯಲ್ಲಿ ಶಾಸನಸಭೆ ಮತ್ತೆ ಮತ ಹಾಕಿ ಗವರ್ನರ್ ತಡೆಯನ್ನು ದಾಟಿತು. 2022ರ ನವೆಂಬರಿನಲ್ಲಿ ಜನಮತಗಣನೆ ನಡೆದು ಶೇ 67ರಷ್ಟು ಜನ ಗಾಂಜಾ ಸಕ್ರಮವಾಗಲಿ ಎಂದರು. 2023ರ ಜುಲೈ 1ರಿಂದ 21 ವರ್ಷ ದಾಟಿದವರು ಒಂದೂವರೆ ಔನ್ಸ್ ಇಟ್ಟುಕೊಳ್ಳಬಹುದು.

ಹಾಗಾದರೆ ಹಿಂದೆ ಸಿಕ್ಕಿಬಿದ್ದವರ ಗತಿ? ಮನೆ ಬಾಡಿಗೆಗೆ ಕೇಳಿದರೆ, ಕೆಲಸಕ್ಕೆ ಅರ್ಜಿ ಹಾಕಿದರೆ ಹಳೆಯ ದಾಖಲೆ ಎದ್ದುಬರುತ್ತದೆ. 2024ರ ಜೂನ್ 17ರಂದು ರಾಜಧಾನಿ ಅನಾಪೊಲಿಸ್‌ನಲ್ಲಿ ಗವರ್ನರ್ ವೆಸ್ ಮೂರ್ ಒಂದೇ ಆದೇಶಕ್ಕೆ ಸಹಿ ಹಾಕಿ 1,75,000ಕ್ಕೂ ಹೆಚ್ಚು ಶಿಕ್ಷೆಗಳಿಗೆ ಕ್ಷಮಾದಾನ ಕೊಟ್ಟರು. ಅದರಲ್ಲಿ 18,000ಕ್ಕೂ ಹೆಚ್ಚು ಬರಿಯ ಚಿಲುಮೆ, ಕಾಗದ, ಸೇದುವ ಸಾಮಾನಿನ ಕೇಸುಗಳು. ಆ ದಿನ ಜೈಲಿನಿಂದ ಯಾರೂ ಬಿಡುಗಡೆಯಾಗಲಿಲ್ಲ, ಏಕೆಂದರೆ ಅಂಥ ಕೇಸಿಗೆ ಆಗ ಯಾರೂ ಒಳಗಿರಲಿಲ್ಲ. ಜೈಲು ಮುಗಿದ ಮೇಲೂ ಮುಗಿಯದ ಶಿಕ್ಷೆಯನ್ನು ಮುಗಿಸಲೆಂದೇ ಆ ಸಹಿ.

ಬೇರೆ ದೇಶದಿಂದ ಹೋದವರಿಗೆ ಈ ಶಿಕ್ಷೆ ಇನ್ನೂ ಭಾರ. ಟುನೀಷಿಯದಿಂದ ವಿದ್ಯಾರ್ಥಿಯಾಗಿ ಹೋಗಿ, ಎರಡು ಸ್ನಾತಕೋತ್ತರ ಪದವಿ ಪಡೆದು, ಮಿಸೌರಿಯಲ್ಲಿ ಗಣಿತ ಪಾಠ ಹೇಳುತ್ತಿದ್ದ ಒಬ್ಬರನ್ನು 2010ರಲ್ಲಿ ಕ್ಯಾನ್ಸಸ್ ಪೊಲೀಸರು ಹಿಡಿದರು. ಕಾಲುಚೀಲದೊಳಗೆ ನಾಲ್ಕು ಮಾತ್ರೆ ಸಿಕ್ಕಿದವು. ಗಾಂಜಾ ಅಲ್ಲ, ಏಕಾಗ್ರತೆಯ ತೊಂದರೆಗೆ ವೈದ್ಯರು ಬರೆದುಕೊಡುವ ಮಾತ್ರೆ. ಅವರ ಬಳಿ ಚೀಟಿ ಇರಲಿಲ್ಲ. ಅವರು ಒಪ್ಪಿಕೊಂಡ ಅಪರಾಧ ಪ್ಯಾರಫರ್ನೇಲಿಯ ಹೊಂದಿದ್ದು. ಯಾವ ಪ್ಯಾರಫರ್ನೇಲಿಯ? ಕೋರ್ಟಿನ ಕಾಗದದಲ್ಲಿ ಬರೆದದ್ದು: ಒಂದು ಕಾಲುಚೀಲ. ಅಷ್ಟರ ಮೇಲೆ 2012ರಲ್ಲಿ ಅವರನ್ನು ದೇಶದಿಂದ ಹೊರಗೆ ಕಳಿಸಿದರು. 2015ರ ಜೂನ್ 1ರಂದು ಸುಪ್ರೀಂ ಕೋರ್ಟು, 7 ನ್ಯಾಯಮೂರ್ತಿಗಳ ಬಹುಮತದಿಂದ, ಅದು ತಪ್ಪೆಂದು ಹೇಳಿತು. ತೀರ್ಪು ಬರೆದವರು ರೂತ್ ಬೇಡರ್ ಗಿನ್ಸ್‌ಬರ್ಗ್.

ಓದಲು, ದುಡಿಯಲು ಅಮೆರಿಕಕ್ಕೆ ಹೋಗುವ ಕನ್ನಡದ ಮಕ್ಕಳು ಇದನ್ನು ತಿಳಿದಿರಬೇಕು. ಈಗ 24 ರಾಜ್ಯಗಳಲ್ಲಿ ದೊಡ್ಡವರು ಗಾಂಜಾ ಸೇದುವುದು ಸಕ್ರಮ, ಬಹುತೇಕ ಕಡೆ ಅಂಗಡಿಯಲ್ಲಿ ರಸೀದಿ ಕೊಟ್ಟು ಮಾರುತ್ತಾರೆ. ಆದರೆ ವೀಸಾ ನೋಡುವುದು ಕೇಂದ್ರದ ಕಾನೂನು, ಅಲ್ಲಿ ರಾಜ್ಯದ ರಸೀದಿ ನಡೆಯುವುದಿಲ್ಲ. 2022ರ ಅಕ್ಟೋಬರಿನಲ್ಲಿ ಅಧ್ಯಕ್ಷ ಬೈಡನ್ ಬರಿಯ ಗಾಂಜಾ ಇಟ್ಟುಕೊಂಡ ಕೇಂದ್ರದ ಕೇಸುಗಳಿಗೆ ಕ್ಷಮಾದಾನ ಕೊಟ್ಟಾಗ ಅದು ನಾಗರಿಕರಿಗೆ ಮತ್ತು ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ ಸಿಕ್ಕಿತು. ವಿದ್ಯಾರ್ಥಿ ವೀಸಾದವರು, ಎಚ್-1ಬಿ ಮೇಲೆ ದುಡಿಯುವವರು ಹೊರಗೆ ಉಳಿದರು. ವೀಸಾಕ್ಕೆ ಅರ್ಜಿ ಹಾಕುವವರು ಕಂಪ್ಯೂಟರಿನಲ್ಲಿ ತುಂಬುವ ಡಿಎಸ್-160 ಫಾರಮಿನಲ್ಲಿ ಒಂದು ಪ್ರಶ್ನೆ ಇದೆ. ಎಂದಾದರೂ ಬಂಧನವೋ ಶಿಕ್ಷೆಯೋ ಆಗಿದೆಯೇ, ಆಮೇಲೆ ಕ್ಷಮಾದಾನ ಸಿಕ್ಕಿದ್ದರೂ ಹೇಳಬೇಕು ಎಂದು ಅದು ಕೇಳುತ್ತದೆ. ಹೌದು, ಇಲ್ಲ ಎಂಬ ಎರಡು ಗುಂಡಿಗಳಲ್ಲಿ ಒಂದನ್ನು ಒತ್ತದೆ ಮುಂದಿನ ಪುಟ ತೆರೆಯುವುದಿಲ್ಲ.